ಚಿತ್ರದ ಮೇಲೆ ಕನ್ನಡ ಒಡೆದು ಕಂಡರೆ ಅದು ಫಾಂಟಿನ ತಪ್ಪಲ್ಲ

ಕಮಾಂಡುಗಳಿಂದ ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶ ಬಳಸಿ ಫೋಟೋಗಳ ಮೇಲೆ ಹೆಸರು ಬರೆಯುವಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಬರುತ್ತಿವೆ, ಯಾವ ಫಾಂಟ್ ಹಾಕಲಿ ಎಂದು ಕೇಳಿದ್ದೀರಿ. ನಿಮ್ಮ ಕಮಾಂಡ್ ‘ಮಾಗ್ರಿಫೈ’ ಎಂದು ಶುರುವಾಗಿರುವುದನ್ನು ಕಂಡು ಎದೆ ಧಸಕ್ಕೆಂದಿತು. ಫಾಂಟಿನ ಮಾತು ಆಮೇಲೆ. ಮೊದಲು ಆ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟು ಬನ್ನಿ.

ನಾನು ಅಜ್ಜಿಯ ಆಲ್ಬಮ್ಮಿನ 214 ಚಿತ್ರಗಳನ್ನು ಎರಡು ವಾರ ಕೂತು ಸ್ಕ್ಯಾನ್ ಮಾಡಿದ್ದೆ. ಮೂಲ ಪ್ರತಿಗಳನ್ನು ನೆಂಟರಿಗೆ ಹಂಚಿಯೂ ಆಗಿತ್ತು. ಪಟ್ಟಿಯಿಂದ ಒಂದೊಂದು ಹೆಸರನ್ನು ಎತ್ತಿ ಒಂದೊಂದು ಚಿತ್ರದ ಮೇಲೆ ಬರೆಯುವ, ಇದೇ ಮಾಗ್ರಿಫೈ ಬಳಸುವ ಪುಟ್ಟ ಸ್ಕ್ರಿಪ್ಟ್ ಓಡಿಸಿದೆ. ಯಾವ ದೋಷವನ್ನೂ ತೋರಿಸದೆ ಮುಗಿಯಿತು. ತೆರೆದು ನೋಡಿದರೆ ‘ಅಜ್ಜಿ’ ಇರಬೇಕಾದಲ್ಲಿ ಒಂದು ಅ, ಅರ್ಧಕ್ಕೆ ನಿಂತ ಜ್, ಪಕ್ಕದಲ್ಲಿ ಇನ್ನೊಂದು ಜ, ಅದರಾಚೆ ಒಂಟಿಯಾಗಿ ಗುಡಿಸು. ನಿಮ್ಮಂತೆ ನಾನೂ ಫಾಂಟನ್ನೇ ಅನುಮಾನಿಸಿದೆ. ಹೋಲಿಸಿ ನೋಡೋಣವೆಂದು ಮೂರು ಫಾಂಟುಗಳ ಹೆಸರು ಕೊಟ್ಟು ಸಾಲಾಗಿ ಮೂರು ಸಲ ಓಡಿಸಿದೆ. ಆಮೇಲೆ ತೆರೆದಾಗ ಅಜ್ಜಿಯ ಸೆರಗಿನ ಮೇಲೆ ನಾಲ್ಕು ಸಲ ಬರೆದ ಬಿಳಿ ಅಕ್ಷರಗಳು ಒಂದರ ಮೇಲೊಂದು ಕೂತಿದ್ದವು.

ಮಾಗ್ರಿಫೈ ಫಲಿತಾಂಶವನ್ನು ಅದೇ ಹೆಸರಿನ ಕಡತದೊಳಗೇ ಬರೆಯುತ್ತದೆ. ಕೇಳುವುದಿಲ್ಲ, ಹಳೆಯದನ್ನು ಪಕ್ಕಕ್ಕೆ ಎತ್ತಿಡುವುದೂ ಇಲ್ಲ. ‘ಮ್ಯಾಜಿಕ್’ ಕಮಾಂಡಿಗೆ ಒಳಗೆ ಹೋಗುವ ಕಡತ ಒಂದು, ಹೊರಗೆ ಬರುವ ಕಡತ ಇನ್ನೊಂದು ಎಂದು ಎರಡು ಹೆಸರು ಕೊಡುತ್ತೇವೆ, ಇದಕ್ಕೆ ಒಂದೇ. ಜೆಪಿಜಿಯಲ್ಲಿ ಪದರಗಳಿಲ್ಲ, ಆದ್ದರಿಂದ ಅಕ್ಷರ ಕೂತ ಜಾಗದಲ್ಲಿ ಮೊದಲಿದ್ದ ಬಣ್ಣದ ಚುಕ್ಕೆಗಳು ಇಲ್ಲವಾಗುತ್ತವೆ. ಅಕ್ಷರವನ್ನು ಅಳಿಸಿದರೆ ಕೆಳಗೆ ಏನೂ ಸಿಗುವುದಿಲ್ಲ. ಜೊತೆಗೆ ಪ್ರತಿ ಸಲ ಉಳಿಸಿದಾಗಲೂ ಚಿತ್ರ ಹೊಸದಾಗಿ ಸಂಕುಚಿತಗೊಂಡು ಇನ್ನಷ್ಟು ಸವೆಯುತ್ತದೆ. ಆನ್‌ಲೈನ್ ಸಂಗ್ರಹದಲ್ಲಿ ಪ್ರತಿ ಇದೆಯಲ್ಲ ಎಂಬ ಧೈರ್ಯ ನನಗಿತ್ತು. ಅದು ಸಿಂಕ್ ಆಗುವ ಫೋಲ್ಡರ್ ಆಗಿತ್ತು, ಕೆಟ್ಟ ಚಿತ್ರಗಳನ್ನು ನಿಷ್ಠೆಯಿಂದ ಅಲ್ಲಿಗೂ ಸೇರಿಸಿತ್ತು. ನೆಂಟರಿಂದ ಮರಳಿ ತರಿಸಿ ಸ್ಕ್ಯಾನ್ ಮಾಡಲು ಸಿಕ್ಕವು 160. ಉಳಿದ 54 ಈಗಲೂ ಹಾಗೇ ಇವೆ.

ಇನ್ನು ಫಾಂಟ್. ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ‘ಅಜ್ಜಿ’ ಎಂಬುದು ಯುನಿಕೋಡ್‌ನಲ್ಲಿ ಐದು ಸಂಕೇತಗಳು: ಅ, ಜ, ಹಲಂತ ಚಿಹ್ನೆ (್), ಮತ್ತೆ ಜ, ಗುಡಿಸು. ಇವನ್ನು ಹೊಂದಿಸಿ ಒತ್ತು ಕೊಡುವ ನಿಯಮಗಳು ಫಾಂಟಿನೊಳಗೆ ಇರುತ್ತವೆ, ಆದರೆ ಅವನ್ನು ಓದಿ ಜಾರಿಗೆ ತರಲು ಇನ್ನೊಂದು ತಂತ್ರಾಂಶ ಬೇಕು. ಚಿತ್ರದ ಮೇಲೆ ಬರಹ ಮೂಡಿಸುವ ‘ಅನೋಟೇಟ್’ ಆಯ್ಕೆಗೆ ಆ ಶಕ್ತಿ ಬರುವುದು ರಾಕ್ಮ್ ಲೈಬ್ರರಿಯನ್ನು ಸೇರಿಸಿ ಕಟ್ಟಿದ ಆವೃತ್ತಿಯಲ್ಲಿ ಮಾತ್ರ. ‘ಮ್ಯಾಜಿಕ್ -ವರ್ಷನ್’ ಎಂದು ಕೊಟ್ಟು, ಡೆಲಿಗೇಟ್ಸ್ ಎಂಬ ಸಾಲಿನಲ್ಲಿ ರಾಕ್ಮ್ ಅಥವಾ, ಮುಂದೆ ಹೇಳುವ ‘ಪ್ಯಾಂಗೊ:’ ದಾರಿಗೆ ಬೇಕಾದ ಪ್ಯಾಂಗೊಕೈರೊ ಇದೆಯೇ ನೋಡಿ. ಎರಡೂ ಇಲ್ಲದಿದ್ದರೆ ಬೇರೆ ಆವೃತ್ತಿ ಹಾಕಿಕೊಳ್ಳಿ. ಅಲ್ಲಿಯವರೆಗೆ ಮಾಡುವುದೆಲ್ಲ ವ್ಯರ್ಥ.

ನಾನು ಈಗ ಅನೋಟೇಟ್ ಮುಟ್ಟುವುದೇ ಇಲ್ಲ. ಒತ್ತಕ್ಷರಗಳನ್ನು ತಾನೇ ಹೊಂದಿಸಿ ಬರೆಯುವ ‘ಪ್ಯಾಂಗೊ:’ ಬಳಸಿ ಬರಹವನ್ನು ಪಾರದರ್ಶಕ ಹಿನ್ನೆಲೆಯ ಪ್ರತ್ಯೇಕ ಪಿಎನ್‌ಜಿ ಮಾಡಿಕೊಂಡು, ‘ಕಾಂಪೋಸಿಟ್’ನಿಂದ ಚಿತ್ರಕ್ಕೆ ಸೇರಿಸುತ್ತೇನೆ. ಅದಕ್ಕೂ ಮೊದಲು ‘ಗ್ರಾವಿಟಿ ಸೌತ್’ ಜೊತೆ ‘ಸ್ಪ್ಲೈಸ್’ ಕೊಟ್ಟು ಚಿತ್ರದ ತಳಕ್ಕೆ ಒಂದು ಪಟ್ಟಿ ಹೆಚ್ಚಿಸುತ್ತೇನೆ. ಹಳೆಯ ಫೋಟೋದ ಮೇಲೆಯೇ ಬರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರಿಗೆ ಕೆಳಗೆ ಜಾಗ ಮಾಡಿಕೊಡಿ. ಬಣ್ಣ, ಗಾತ್ರ, ಫಾಂಟ್ ಎಲ್ಲವೂ ಬರಹಕ್ಕಿಂತ ಮೊದಲು ಬರಬೇಕು, ನಂತರ ಕೊಟ್ಟರೆ ಅದಕ್ಕೆ ತಟ್ಟುವುದಿಲ್ಲ. ಮಾಗ್ರಿಫೈ ಬಿಡಲಾರೆ ಎಂದಾದರೆ ‘ಪಾತ್’ ಆಯ್ಕೆಯಲ್ಲಿ ಬೇರೆ ಫೋಲ್ಡರಿನ ಹೆಸರು ಕೊಡಿ.

ಎಲ್ಲಕ್ಕಿಂತ ಮೊದಲು ಒಂದೇ ಒಂದು ನಕಲು ಚಿತ್ರದ ಮೇಲೆ ‘ಅಜ್ಜಿ’, ‘ಕೃಷ್ಣ’, ‘ಸೂರ್ಯ’ ಎಂದು ಬರೆದು, ದೊಡ್ಡದು ಮಾಡಿ ನೋಡಿ. ‘ಸೂರ್ಯ’ದ ಅರ್ಕಾವೊತ್ತು ಯಕಾರದ ಬಲಕ್ಕೆ ಬಂದು ಕೂತಿದ್ದರೆ ಉಳಿದವನ್ನು ಓಡಿಸಬಹುದು.