ಅರ್ಜೆಂಟೀನಾಕ್ಕೆ ಗೋಲು ಹೊಡೆದದ್ದು ಮಿಲ್ಲಾ ಅಲ್ಲ

ಹೋದ ಸಂಚಿಕೆಯಲ್ಲಿ 1990ರ ಇಟಲಿ ಫುಟ್ಬಾಲ್ ವಿಶ್ವಕಪ್ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಮಂಗಳೂರು, ಉಳ್ಳಾಲ, ಉಡುಪಿ, ಮಲ್ಪೆ ಕಡೆಯಿಂದ ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿದ್ದು ಆಫ್ರಿಕಾದ ಕ್ಯಾಮರೂನ್ ತಂಡದ ಬಗ್ಗೆ. ಈ ಸಲ ಇಡೀ ಅಂಕಣ ಅದಕ್ಕೇ ಇರಲಿ.

ಪ್ರಶ್ನೆ: ನನಗೂ ಅಣ್ಣನಿಗೂ ಮೂವತ್ತು ವರ್ಷದಿಂದ ಇದೇ ಜಗಳ. ಮೊದಲ ಮ್ಯಾಚಿನಲ್ಲಿ ಅರ್ಜೆಂಟೀನಾಕ್ಕೆ ಗೋಲು ಹೊಡೆದು ಮೂಲೆಯ ಬಾವುಟದ ಹತ್ತಿರ ಕುಣಿದದ್ದು ಕ್ಯಾಮರೂನಿನ ರೋಜರ್ ಮಿಲ್ಲಾ ಎಂದು ಅಣ್ಣ ಹೇಳುತ್ತಾನೆ. ಅಲ್ಲವೇ ಅಲ್ಲ ಎಂದು ನಾನು. ಹಾಗಾದರೆ ಯಾರು ಎಂದು ಕೇಳಿದರೆ ನನಗೆ ಹೆಸರು ಬರುವುದಿಲ್ಲ. ನೀವೇ ತೀರ್ಮಾನ ಮಾಡಿ. (ಬೋಳಾರ, ಮಂಗಳೂರು)

ಉತ್ತರ: ನೀವು ಹೇಳಿದ್ದೇ ಸರಿ. ಆದರೆ ಅಣ್ಣನವರನ್ನು ಬಿಟ್ಟುಬಿಡಿ, ಅವರ ಹಾಗೆ ನೆನಪಿಟ್ಟುಕೊಂಡವರು ಊರು ತುಂಬ ಇದ್ದಾರೆ. ಆ ಗೋಲು ಫ್ರಾನ್ಸ್ವಾ ಒಮಾಮ್ ಬಿಯಿಕ್‌ದು. 1990 ಜೂನ್ 8, ಶುಕ್ರವಾರ, ಮಿಲಾನ್‌ನ ಸ್ಯಾನ್ ಸಿರೊ ಮೈದಾನ. ನಮಗೆ ರಾತ್ರಿ ಒಂಬತ್ತೂವರೆಗೆ ಆಟ ಶುರು. 61ನೇ ನಿಮಿಷದಲ್ಲಿ ಕ್ಯಾಮರೂನಿನ ಆಂದ್ರೆ ಕಾನಾ ಬಿಯಿಕ್‌ಗೆ ಕೆಂಪು ಕಾರ್ಡ್. ಅವನು ಹೊರಗೆ ಹೋಗಿ ಆರೇ ನಿಮಿಷ, ಅವನ ಸ್ವಂತ ತಮ್ಮ ಒಮಾಮ್ ಬಿಯಿಕ್ ಎಲ್ಲರಿಗಿಂತ ಎತ್ತರಕ್ಕೆ ಹಾರಿ ತಲೆ ಕೊಟ್ಟ. ಅಂಥ ಜೋರಿನ ಹೊಡೆತವೇನೂ ಅಲ್ಲ. ಅರ್ಜೆಂಟೀನಾದ ಗೋಲಿ (ಗೋಲ್‌ಕೀಪರ್) ಪುಂಪಿಡೊ ಕೈಗೆ ಬಂದ ಚೆಂಡು ಜಾರಿ ಒಳಗೆ ಹೋಯಿತು. ಪುಂಪಿಡೊ 1986ರಲ್ಲಿ ಕಪ್ ಗೆದ್ದ ತಂಡದ ಗೋಲಿ, ಮರಡೋನಾ ಜೊತೆ ಆಡಿದವನು!

ಕೊನೆಗೆ ಕ್ಯಾಮರೂನಿನ ಇನ್ನೊಬ್ಬ, ಬೆಂಜಮಿನ್ ಮಾಸ್ಸಿಂಗ್, ಓಡಿ ಬರುತ್ತಿದ್ದ ಅರ್ಜೆಂಟೀನಾದ ಕನೀಜಿಯಾನಿಗೆ ಎಷ್ಟು ಜೋರಾಗಿ ಗುದ್ದಿದ ಎಂದರೆ ಅವನದೇ ಕಾಲಿನ ಬೂಟು ಹಾರಿಹೋಯಿತು. ಅದಕ್ಕೂ ಕೆಂಪು ಕಾರ್ಡ್, ಕೊಡಲೇಬೇಕಾದ ಕಾರ್ಡೇ. ಕ್ಯಾಮರೂನ್ ನಮಗೆ ಎಷ್ಟೇ ಇಷ್ಟ ಇರಲಿ, ಆ ಫೌಲನ್ನು ಸರಿ ಎನ್ನಲು ಆಗುವುದಿಲ್ಲ. ಒಂಬತ್ತು ಜನ ಉಳಿದು 1-0ಯಿಂದ ಗೆದ್ದರು. ಮಿಲ್ಲಾ ಆ ದಿನ ಒಳಗೆ ಬಂದದ್ದೇ ಕೊನೆಯ ಹತ್ತು ನಿಮಿಷಕ್ಕೆ.

ಅವನು ಕುಣಿದದ್ದು ಆಮೇಲೆ. ಜೂನ್ 14ರಂದು ರೊಮೇನಿಯಾಕ್ಕೆ ಎರಡು ಗೋಲು, 23ರಂದು ಕೊಲಂಬಿಯಾಕ್ಕೆ ಎರಡು. ನಾಲ್ಕು ಸಲವೂ ಬದಲಿ ಆಟಗಾರನಾಗಿ ಬಂದೇ ಹೊಡೆದದ್ದು. ವಯಸ್ಸು 38. ದೇಶದ ತಂಡದಿಂದ ನಿವೃತ್ತಿಯಾಗಿ ರೀಯೂನಿಯನ್ ದ್ವೀಪದಲ್ಲಿ ಆಡಿಕೊಂಡಿದ್ದವನನ್ನು ದೇಶದ ಅಧ್ಯಕ್ಷ ಪಾಲ್ ಬಿಯಾ ಅವರೇ ಮತ್ತೆ ಕರೆಸಿದ್ದು. ರೊಮೇನಿಯಾ ಮ್ಯಾಚಿನ ಮರುದಿನ ನೆಹರೂ ಮೈದಾನದ ಕೆಸರಿನಲ್ಲಿ ನಾವು ಹುಡುಗರು ಏನು ಮಾಡಿದೆವು ಗೊತ್ತಾ? ಮೂಲೆಯಲ್ಲಿ ಒಂದು ಹಳೆ ಕೊಡೆ ನೆಟ್ಟೆವು. ಬಟ್ಟೆ ಹರಿದು ಕಡ್ಡಿ ಹೊರಗೆ ಬಂದ ಕೊಡೆ, ನೆಟ್ಟಲ್ಲಿ ನಿಲ್ಲುತ್ತಿರಲಿಲ್ಲ, ಒಬ್ಬ ಹಿಡಿದುಕೊಂಡೇ ಇರಬೇಕು. ಗೋಲು ಹೊಡೆದವನು ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈ ಮೇಲೆತ್ತಿ ಅದರ ಮುಂದೆ ಸೊಂಟ ಕುಣಿಸಬೇಕು. ಆಮೇಲೆ ಕೊಡೆ ಹಿಡಿಯುವ ಪಾಳಿ ಅವನದು. ಆ ಮಳೆಗಾಲ ಪೂರ್ತಿ ಹೀಗೇ ನಡೆಯಿತು.

ಪ್ರಶ್ನೆ: ನಮ್ಮದು ಬ್ಲ್ಯಾಕ್ ಅಂಡ್ ವೈಟ್ ಟಿವಿ. ಕ್ಯಾಮರೂನಿನವರ ಅಂಗಿ ಯಾವ ಬಣ್ಣ ಇತ್ತು? (ಕಾಪು)

ಉತ್ತರ: ಹಸಿರು ಅಂಗಿ, ಕೆಂಪು ಚಡ್ಡಿ, ಹಳದಿ ಕಾಲುಚೀಲ. ಅವರ ಬಾವುಟದ ಮೂರು ಬಣ್ಣ. ನಾನೂ ನೋಡಿದ್ದು ಬೂದು ಬಣ್ಣದಲ್ಲೇ, ಪಕ್ಕದ ಮನೆಯ ದೊಡ್ಡಮ್ಮನ ಜಗಲಿಯಲ್ಲಿ. ಗಾಳಿಗೆ ಆಂಟೆನಾ ತಿರುಗಿದರೆ ಚಿತ್ರದ ಮೇಲೆ ಅಕ್ಕಿ ಉದುರಿದ ಹಾಗೆ. ಒಬ್ಬ ಮಳೆಯಲ್ಲಿ ಮಾಡು ಹತ್ತಬೇಕು, ಕಿಟಕಿಯಲ್ಲಿ ಒಬ್ಬ ನಿಲ್ಲಬೇಕು. "ಬಂತಾ?" "ಇಲ್ಲ, ಇನ್ನೂ ಸ್ವಲ್ಪ ಕಡಲಿನ ಬದಿಗೆ!" "ಈಗ?" "ಬಂತು, ಬಂತು, ಅಯ್ಯೋ ಹೋಯ್ತು ಮಾರಾಯಾ!" ಬಣ್ಣ ಗೊತ್ತಾದದ್ದು ಎಷ್ಟೋ ದಿನ ಕಳೆದು, ಒಂದು ಪತ್ರಿಕೆಯ ಬಣ್ಣದ ಫೋಟೊ ನೋಡಿದಾಗ. ಅಷ್ಟು ಚೆಂದದ ಹಸಿರು ಎಂದು ಯಾರಿಗೆ ಗೊತ್ತಿತ್ತು!

ಪ್ರಶ್ನೆ: ನನ್ನ ಮಗ ಫುಟ್ಬಾಲ್ ಹುಚ್ಚ. 1990ರದ್ದು ಅತಿ ಬೋರಿನ ವಿಶ್ವಕಪ್ ಎಂದು ಎಲ್ಲೋ ಓದಿ ಬಂದು ನನ್ನ ಹತ್ತಿರ ವಾದ ಮಾಡುತ್ತಾನೆ. ಹೌದಾ? (ಉಡುಪಿ)

ಉತ್ತರ: ಲೆಕ್ಕ ನೋಡಿದರೆ ಅವನ ಕಡೆಗೆ ನ್ಯಾಯ ಉಂಟು. 52 ಮ್ಯಾಚಿಗೆ 115 ಗೋಲು, ಅಂದರೆ ಮ್ಯಾಚಿಗೆ 2.21. ವಿಶ್ವಕಪ್ ಇತಿಹಾಸದಲ್ಲೇ ಇದು ಅತಿ ಕಡಿಮೆ. ಐರ್ಲೆಂಡ್ ಒಂದೂ ಮ್ಯಾಚ್ ಗೆಲ್ಲದೆ, ಬರೀ ಡ್ರಾ ಮಾಡಿ, ಒಂದು ಸಲ ಪೆನಾಲ್ಟಿ ಶೂಟೌಟ್‌ನಲ್ಲಿ ಪಾಸಾಗಿ ಕ್ವಾರ್ಟರ್ ಫೈನಲ್ ಸೇರಿತು. ಫೈನಲ್ಲಿನಲ್ಲಿ ಪಶ್ಚಿಮ ಜರ್ಮನಿ ಅರ್ಜೆಂಟೀನಾವನ್ನು ಸೋಲಿಸಿದ್ದು 85ನೇ ನಿಮಿಷದ ಒಂದು ಪೆನಾಲ್ಟಿಯಿಂದ. ಆಗ ಡಿಫೆಂಡರ್ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಮುಂದೆ ಇರುವ ತಂಡ ಸುಮ್ನೆ ಚೆಂಡು ಹಿಂದಕ್ಕೆ ಕೊಡುತ್ತಾ ಹೊತ್ತು ಕಳೆಯುತ್ತಿತ್ತು. 1992ರಲ್ಲಿ ಆ ನಿಯಮ ಬದಲಾಯಿತು. ಗೆದ್ದರೆ ಎರಡು ಪಾಯಿಂಟ್ ಇದ್ದದ್ದು 1994ರ ವಿಶ್ವಕಪ್ಪಿಗೆ ಮೂರು ಆಯಿತು. ಇವತ್ತು ನಿಮ್ಮ ಮಗ ನೋಡುವ ವೇಗದ ಆಟಕ್ಕೆ ಆ ಬೋರಿನ ಇಟಲಿಯೂ ಒಂದು ಕಾರಣ, ಅವನಿಗೆ ಹೇಳಿ.

ಆದರೆ ನನ್ನ ಮಟ್ಟಿಗೆ ಅದು ಬೋರಿನದ್ದಲ್ಲ. 1982ರಲ್ಲಿ ಕ್ಯಾಮರೂನ್ ಮೊದಲ ಸಲ ಬಂದು ಮೂರೂ ಮ್ಯಾಚ್ ಡ್ರಾ ಮಾಡಿ, ಒಂದೂ ಸೋಲದೆ ಮನೆಗೆ ಹೋಗಿತ್ತು. ಎಂಟು ವರ್ಷ ಬಿಟ್ಟು ಅದೇ ಮಿಲ್ಲಾ, ಅದೇ ಗೋಲಿ ಥಾಮಸ್ ಎನ್‌ಕೊನೊ ಮತ್ತೆ ಬಂದು ಗುಂಪಿನಲ್ಲಿ ಮೊದಲನೆಯವರಾದರು. ಇಟಲಿಯ ಒಬ್ಬ ಹನ್ನೆರಡು ವರ್ಷದ ಹುಡುಗ ಎನ್‌ಕೊನೊ ಆಟ ನೋಡಿ ತಾನೂ ಗೋಲಿ ಆಗುತ್ತೇನೆ ಎಂದ. ಅವನೇ ಜಾನ್‌ಲುಯಿಜಿ ಬುಫಾನ್. ಮುಂದೆ ತನ್ನ ಮಗನ ಹೆಸರಿನಲ್ಲಿ ಥಾಮಸ್ ಎಂದೂ ಸೇರಿಸಿದ. ಇಂಥದ್ದನ್ನು ಗೋಲಿನ ಲೆಕ್ಕದಲ್ಲಿ ಎಲ್ಲಿ ಹಾಕುತ್ತೀರಿ?

ಪ್ರಶ್ನೆ: ಇಂಗ್ಲೆಂಡ್ ಮ್ಯಾಚಿನಲ್ಲಿ ನಮಗೆ ಮೋಸ ಆಯಿತು ಎಂದು ನಮ್ಮ ಮನೆಯವರು ಈಗಲೂ ಹೇಳುತ್ತಾರೆ. ನಿಮಗೇನನಿಸುತ್ತದೆ? (ಉಳ್ಳಾಲ)

ಉತ್ತರ: "ನಮಗೆ" ಎಂದಿರಲ್ಲ, ಓದಿ ಖುಷಿಯಾಯಿತು. ಆ ರಾತ್ರಿ ನಮ್ಮ ಕೇರಿಯವರೆಲ್ಲ ಕ್ಯಾಮರೂನಿನವರೇ. ಮಧ್ಯರಾತ್ರಿ ಕಳೆದು ಹನ್ನೆರಡೂವರೆಗೆ ಶುರುವಾದ ಕ್ವಾರ್ಟರ್ ಫೈನಲ್ ಆಟ. ಇಂಗ್ಲೆಂಡ್ ಮೊದಲು ಹೊಡೆಯಿತು. ವಿರಾಮದ ನಂತರ ಮಿಲ್ಲಾ ಬಂದ. ಅವನನ್ನು ಬೀಳಿಸಿದ್ದಕ್ಕೆ ಸಿಕ್ಕ ಪೆನಾಲ್ಟಿಯಲ್ಲಿ ಕುಂಡೆ ಒಂದು, ಮತ್ತೆ ಮಿಲ್ಲಾ ಕೊಟ್ಟ ಪಾಸಿನಲ್ಲಿ ಎಕೆಕೆ ಒಂದು. 2-1. ಇನ್ನು ಏಳು ನಿಮಿಷ ತಡೆದಿದ್ದರೆ ಸೆಮಿಫೈನಲ್. 83ರಲ್ಲಿ ಇಂಗ್ಲೆಂಡಿನ ಲಿನೆಕರ್ ಪೆನಾಲ್ಟಿ ಹೊಡೆದ, ಹೆಚ್ಚುವರಿ ಸಮಯದಲ್ಲಿ ಇನ್ನೊಂದು. 3-2.

ಮೋಸ ಎಂದು ನನಗೆ ಅನಿಸುವುದಿಲ್ಲ. ಎರಡೂ ಸಲ ಲಿನೆಕರ್‌ನನ್ನು ಬೀಳಿಸಿದ್ದು ನಿಜ. ಕಾರ್ಡ್ ಜಾಸ್ತಿಯಾಗಿ ನಾಲ್ವರು ಆ ಮ್ಯಾಚ್ ಆಡುವ ಹಾಗೆಯೇ ಇರಲಿಲ್ಲ, ಪೆಟ್ಟು ಬಿದ್ದದ್ದು ಅಲ್ಲಿ. ಆದರೂ ನಿಮ್ಮ ಮನೆಯವರ ಸಂಕಟ ನನಗೆ ಅರ್ಥ ಆಗುತ್ತದೆ. ಆಫ್ರಿಕಾದ ತಂಡವೊಂದು ಸೆಮಿಫೈನಲ್ ನೋಡಲು ಆಮೇಲೆ 2022ರ ತನಕ ಕಾಯಬೇಕಾಯಿತು. ಮೊರಾಕ್ಕೊ ಗೆದ್ದ ಆ ರಾತ್ರಿ ನನಗೆ ಮೊದಲು ನೆನಪಾದದ್ದು ಈ ಏಳು ನಿಮಿಷವೇ.

ಪ್ರಶ್ನೆ: ನನ್ನ ಅಪ್ಪ ದೋಣಿಗೆ ಹೋಗುತ್ತಿದ್ದವರು. ಮಳೆಗಾಲದಲ್ಲಿ ದೋಣಿ ದಡದಲ್ಲಿ, ಅಪ್ಪ ಮನೆಯಲ್ಲಿ. ಆಗ ನನಗೆ ಒಂಬತ್ತು ವರ್ಷ. ಒಬ್ಬ ಉದ್ದ ಗುಂಗುರು ಕೂದಲಿನ ಗೋಲಿ ಚೆಂಡು ಹಿಡಿದುಕೊಂಡು ಮೈದಾನದ ನಡುವಿಗೆ ಬಂದು ಕಳೆದುಕೊಂಡ, ಅಪ್ಪ ಎದ್ದು ನಿಂತು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಈಗ ಅಪ್ಪ ಇಲ್ಲ. ಅದು ಯಾವ ದಿನ ಎಂದು ಹೇಳಬಹುದಾ? (ಮಲ್ಪೆ)

ಉತ್ತರ: ಹೇಳಬಹುದು ತಂಗಿ. ಆ ಗೋಲಿ ಕೊಲಂಬಿಯಾದ ರೆನೆ ಹಿಗ್ವಿಟಾ. ಎದುರು ಕ್ಯಾಮರೂನ್, ಊರು ನೇಪಲ್ಸ್. ತೊಂಬತ್ತು ನಿಮಿಷ ಇಬ್ಬರಿಗೂ ಗೋಲಿಲ್ಲ. ಹೆಚ್ಚುವರಿ ಸಮಯದ ಎರಡನೇ ಭಾಗದಲ್ಲಿ ಮಿಲ್ಲಾ ಒಂದು ಹೊಡೆದ. ಅದಾಗಿ ಸ್ವಲ್ಪ ಹೊತ್ತಿಗೆ ಹಿಗ್ವಿಟಾ ತನ್ನ ಪೆನಾಲ್ಟಿ ಬಾಕ್ಸಿನಿಂದ ಎಷ್ಟೋ ಮುಂದೆ ಬಂದು, ಚೆಂಡನ್ನು ಕಾಲಡಿಯಲ್ಲಿ ಎಳೆದು ಮಿಲ್ಲಾನನ್ನು ದಾಟಿಸಲು ನೋಡಿದ. ಮಿಲ್ಲಾ ಕಿತ್ತುಕೊಂಡು ಖಾಲಿ ಗೋಲಿನತ್ತ ಓಡಿದ. ಹಿಗ್ವಿಟಾ ಹಿಂದಿನಿಂದ ಜಾರಿ ಬಿದ್ದರೂ ಸಿಗಲಿಲ್ಲ. ಮ್ಯಾಚ್ 2-1.

1990 ಜೂನ್ 23. ಆಟ ನಮಗೆ ರಾತ್ರಿ ಎಂಟೂವರೆಗೆ ಶುರು, ಹಾಗಾಗಿ ನಿಮ್ಮ ಅಪ್ಪ ಎದ್ದು ನಿಂತಾಗ ಗಂಟೆ ಹತ್ತೂ ಮುಕ್ಕಾಲರ ಹತ್ತಿರ ಇರಬೇಕು. ಅಷ್ಟು ಹೊತ್ತು ಒಂಬತ್ತು ವರ್ಷದ ಮಗುವನ್ನು ಎಚ್ಚರ ಇರಲು ಬಿಟ್ಟಿದ್ದರು ಅಲ್ವಾ? ಅವತ್ತು ಶನಿವಾರ. ಮರುದಿನ ಶಾಲೆ ಇರಲಿಲ್ಲ.