ಕೂಲಂಕಷವೋ, ಕೂಲಂಕುಷವೋ? ನದಿ ದಡದಿಂದ ಕಡತಕ್ಕೆ ಬಂದ ಪದ

ಪ್ರಶ್ನೆ: ಕಚೇರಿ ಟಿಪ್ಪಣಿಯಲ್ಲಿ ‘ಕೂಲಂಕುಷವಾಗಿ ಪರಿಶೀಲಿಸಲಾಗಿದೆ’ ಎಂದು ಬರೆದಿದ್ದೆ. ಮೇಲಧಿಕಾರಿಗಳು ಅದನ್ನು ‘ಕೂಲಂಕಷ’ ಎಂದು ತಿದ್ದಿದರು. ಪತ್ರಿಕೆಗಳಲ್ಲಿ ಎರಡೂ ಕಾಣಿಸುತ್ತವೆ. ಯಾವುದು ಸರಿ? ಈ ಪದಕ್ಕೂ ನದಿಯ ದಡಕ್ಕೂ ಸಂಬಂಧವಿದೆ ಎನ್ನುತ್ತಾರೆ, ನಿಜವೇ?

ಉತ್ತರ: ಕೂಲಂಕಷ ಸರಿ. ಮೊದಲ ಅಕ್ಷರ ದೀರ್ಘ, ಎರಡನೆಯ ಕಕಾರಕ್ಕೆ ಕೊಂಬು ಬೇಡ, ಕೊನೆಗೆ ಷ. ದಡದ ಸಂಬಂಧವೂ ನಿಜವೇ.

ಸಂಸ್ಕೃತದಲ್ಲಿ ‘ಕೂಲ’ ಎಂದರೆ ದಡ. ಸಂಸ್ಕೃತದ ಹಳೆಯ ಪದಕೋಶ ಅಮರಕೋಶ ಕೂಲ, ರೋಧಸ್, ತೀರ, ಪ್ರತೀರ, ತಟ ಎಂಬ ಐದನ್ನೂ ಒಂದೇ ಸಾಲಿನಲ್ಲಿ ಕೊಡುತ್ತದೆ. ತೀರ, ತಟ ಎರಡೂ ಕನ್ನಡದಲ್ಲಿ ಬಿಡಿ ಪದಗಳಾಗಿಯೇ ಓಡಾಡುತ್ತಿವೆ. ಕೂಲ ಮಾತ್ರ ಬೇರೆ ಪದಗಳ ಒಳಗೆ ಸೇರಿಕೊಂಡು ಉಳಿದಿದೆ. ಇನ್ನು ‘ಕಷ್’ ಧಾತುವಿಗೆ ಉಜ್ಜು, ತಿಕ್ಕು, ಕೆರೆ ಎಂಬ ಅರ್ಥ. ಚಿನ್ನವನ್ನು ತಿಕ್ಕಿ ನೋಡುವ ಒರೆಗಲ್ಲಿಗೆ ‘ನಿಕಷ’ ಎಂಬ ಹೆಸರು ಬಂದದ್ದೂ ಈ ಧಾತುವಿನಿಂದಲೇ. ಹಾಗಾಗಿ ಕೂಲಂಕಷ ಎಂದರೆ ದಡವನ್ನು ಉಜ್ಜುವಂಥದ್ದು, ದಡವನ್ನು ಕೆರೆದು ಒಯ್ಯುವಂಥದ್ದು.

ನಡುವಿನ ಅನುಸ್ವಾರದ ಬಗ್ಗೆ ವಿದ್ಯಾರ್ಥಿಗಳು ಎಡವುವುದುಂಟು. ಕೂಲಂ + ಕಷ ಎಂದು ಬಿಡಿಸಿ, ಮೊದಲ ಭಾಗವನ್ನು ದ್ವಿತೀಯಾ ವಿಭಕ್ತಿ ಎಂದುಕೊಳ್ಳುತ್ತಾರೆ. ಸಮಾಸದಲ್ಲಿ ಆ ವಿಭಕ್ತಿ ಉಳಿಯುವುದಿಲ್ಲ. ಪಾಣಿನಿಯ 3.2.42ನೆಯ ಸೂತ್ರ ಸರ್ವ, ಕೂಲ, ಅಭ್ರ, ಕರೀಷ ಎಂಬ ನಾಲ್ಕು ಪದಗಳ ಮುಂದೆ ಕಷ್ ಧಾತುವಿಗೆ ‘ಖಚ್’ ಪ್ರತ್ಯಯ ಹೇಳುತ್ತದೆ. ಖಕಾರದ ಗುರುತುಳ್ಳ ಪ್ರತ್ಯಯ ಬಂದಾಗ ಹಿಂದಿನ ಸ್ವರಾಂತ ಪದಕ್ಕೆ ‘ಮ್’ ಆಗಮವಾಗುತ್ತದೆ. ಅದೇ ಇಲ್ಲಿ ಅನುಸ್ವಾರವಾಗಿದೆ. ಭಯಂಕರ, ಪ್ರಿಯಂವದೆ, ವಿಶ್ವಂಭರ, ಶತ್ರುಂಜಯ ಇವೆಲ್ಲ ಹೀಗೆ ಆದವೇ. ಪಾಣಿನಿಯ ಆ ಸೂತ್ರಕ್ಕೆ ಕಾಶಿಕಾವೃತ್ತಿ ಎಂಬ ಹಳೆಯ ವ್ಯಾಖ್ಯಾನ ಕೊಡುವ ಉದಾಹರಣೆಗಳಲ್ಲಿ ‘ಕೂಲಂಕಷಾ ನದೀ’ ಒಂದು. ಪಕ್ಕದಲ್ಲೇ ‘ಅಭ್ರಂಕಷೋ ಗಿರಿಃ’ ಇದೆ, ಮೋಡವನ್ನು ಉಜ್ಜುವ ಬೆಟ್ಟ. ಗಗನಚುಂಬಿ ಕಟ್ಟಡ ಎನ್ನುವ ಕಡೆ ಬಳಸಬಹುದಾಗಿದ್ದ ಸೊಗಸಾದ ಪದ, ಬಳಕೆಗೆ ಬರಲಿಲ್ಲ.

ನದಿ ದಡ ಉಜ್ಜುವ ಬಗೆಯನ್ನು ನೋಡಿದರೆ ಪದ ಎಷ್ಟು ಖಚಿತವಾಗಿದೆ ಎಂದು ತಿಳಿಯುತ್ತದೆ. ತಿರುವಿನಲ್ಲಿ ಹೊರಮಗ್ಗುಲಿನ ನೀರಿಗೆ ವೇಗ ಹೆಚ್ಚು. ಅದು ದಡದ ಬುಡವನ್ನು ಕೊರೆಯುತ್ತದೆ. ಒಳಮಗ್ಗುಲಲ್ಲಿ ವೇಗ ತಗ್ಗಿ ಮರಳು ನಿಲ್ಲುತ್ತದೆ. ಬುಡ ಹೋದ ಮೇಲೂ ಮೇಲಿನ ಮಣ್ಣು ಬೇರುಗಳ ಹಿಡಿತದಲ್ಲಿ ಸ್ವಲ್ಪ ಕಾಲ ಚಾಚಿಕೊಂಡಿರುತ್ತದೆ. ಎಷ್ಟೋ ಕಡೆ ದಡ ಕುಸಿಯುವುದು ನೆರೆ ಇಳಿಯುವಾಗ. ನೆನೆದ ಮಣ್ಣಿನ ಭಾರ ಹಾಗೇ ಇರುತ್ತದೆ, ಅದಕ್ಕೆ ಆನಿಕೆಯಾಗಿದ್ದ ನೀರು ಇಳಿದಿರುತ್ತದೆ. ಆಗ ಮಣ್ಣು ಮರದ ಸಮೇತ ಬೀಳುತ್ತದೆ, ನೀರು ರಾಡಿಯಾಗುತ್ತದೆ. ಕಾಳಿದಾಸನ ಶಾಕುಂತಲ ನಾಟಕದ 5ನೆಯ ಅಂಕದಲ್ಲಿ ದುಷ್ಯಂತ ಶಕುಂತಲೆಯನ್ನು ಗುರುತಿಸದೆ ದೂರುವಾಗ ಈ ಎರಡನ್ನೇ ಹಿಡಿದು ಮಾತಾಡುತ್ತಾನೆ: ಕೂಲಂಕಷ ನದಿ ತನ್ನ ತಿಳಿನೀರನ್ನು ಕದಡಿ ದಡದ ಮರವನ್ನೂ ಬೀಳಿಸುವ ಹಾಗೆ ನೀನು ಕುಲದ ಹೆಸರನ್ನು ಕೆಡಿಸಿ ನನ್ನನ್ನೂ ಬೀಳಿಸಹೊರಟಿದ್ದೀಯಾ ಎಂದು.

ಅಲ್ಲಿ ಅದು ಹಾಳುಮಾಡುವ ನದಿ. ನಮ್ಮಲ್ಲಿ ಆ ಕೇಡಿನ ಅರ್ಥ ಬಿಟ್ಟುಹೋಗಿ, ಈ ದಡದಿಂದ ಆ ದಡದವರೆಗೆ ಎಲ್ಲೂ ಜಾಗ ಬಿಡದೆ ಮುಟ್ಟಿಕೊಂಡು ಹೋಗುವ ತುಂಬು ಹರಿವಿನ ಭಾವ ಉಳಿದಿದೆ. ‘ಎಲ್ಲ ಮಗ್ಗುಲನ್ನೂ ಬಿಡದೆ ನೋಡಿ’ ಎಂಬ ಅರ್ಥಕ್ಕೆ ಇದಕ್ಕಿಂತ ಹತ್ತಿರದ ದಾರಿ ಕಾಣುವುದಿಲ್ಲ. ತೆಲುಗು, ಮಲಯಾಳಗಳಲ್ಲೂ ಈ ಪದ ಇದೇ ಅರ್ಥದಲ್ಲಿ ನಡೆಯುತ್ತದೆ.

‘ಕುಷ’ ನುಸುಳಿದ್ದಕ್ಕೆ ಅಂಕುಶ, ನಿರಂಕುಶಗಳ ಸದ್ದು ಕಾರಣವಿರಬೇಕು. ನಾಲಿಗೆ ಅತ್ತ ಜಾರುತ್ತದೆ, ಹಿಂದೆಯೇ ಬೆರಳೂ. ಬಳಕೆಯಲ್ಲಿದೆ ಎಂದು ಒಪ್ಪುವವರಿದ್ದಾರೆ. ಆದರೆ ಆ ರೂಪದಲ್ಲಿ ಉಜ್ಜುವ ಕಷ್ ಧಾತುವೇ ಅಳಿಸಿಹೋಗುತ್ತದೆ. ಮೊದಲಕ್ಷರ ಹ್ರಸ್ವ ಮಾಡಿ ‘ಕುಲಂಕಷ’ ಎಂದರಂತೂ ದಡ ಹೋಗಿ ವಂಶ ಬರುತ್ತದೆ.

ಪ್ರಶ್ನೆ: ಅನುಕೂಲ, ಪ್ರತಿಕೂಲಗಳಲ್ಲಿ ಇರುವುದೂ ಇದೇ ಕೂಲವೇ? ಕೂಲಿ?

ಉತ್ತರ: ಮೊದಲೆರಡು ಹೌದು. ಅನುಕೂಲ ಎಂದರೆ ದಡವನ್ನು ಅನುಸರಿಸಿದ್ದು, ಹರಿವಿನ ಜೊತೆಗೆ ಸಾಗುವಂಥದ್ದು; ಪ್ರತಿಕೂಲ ಅದಕ್ಕೆ ಎದುರಾದದ್ದು. ಕೂಲಿ ದ್ರಾವಿಡ ಪದ, ತಮಿಳಿನಲ್ಲೂ ಇದೆ. ದಡಕ್ಕೂ ಅದಕ್ಕೂ ನಂಟಿಲ್ಲ.

ಪ್ರಶ್ನೆ: ಕೂಲಂಕಷ, ಆಮೂಲಾಗ್ರ, ಸಾದ್ಯಂತ ಇವನ್ನು ಒಂದರ ಬದಲು ಇನ್ನೊಂದು ಬಳಸಬಹುದೇ?

ಉತ್ತರ: ಬೇಡ. ಕೂಲಂಕಷ ಹೊಂದುವುದು ಪರಿಶೀಲನೆ, ತನಿಖೆ, ಚರ್ಚೆ, ಅಧ್ಯಯನಗಳಿಗೆ. ವಿಷಯದ ಅಗಲವೆಲ್ಲ ಅದರಲ್ಲಿ ಬರಬೇಕು. ಮೊದಲಿಂದ ಕೊನೆಯವರೆಗೆ ಓದಿದ್ದಕ್ಕೆ ಸಾದ್ಯಂತ (ಸ + ಆದಿ + ಅಂತ). ಬುಡದಿಂದ ತುದಿಯವರೆಗೆ ಬದಲಾವಣೆ ಆದರೆ ಆಮೂಲಾಗ್ರ. ‘ಸಂಪೂರ್ಣ ಕೂಲಂಕಷ’ ಎಂದು ಬರೆದರೆ ಒಂದೇ ಮಾತು ಎರಡು ಸಲ ಹೇಳಿದಂತೆ. ಕಡತದ ಒಂದೇ ಪುಟ ನೋಡಿದ್ದರೆ ‘ಪರಿಶೀಲಿಸಿದೆ’ ಸಾಕು. ಆಮೂಲಾಗ್ರದ ಆಕಾರವನ್ನಂತೂ ಬಿಡಬೇಡಿ; ‘ಅಮೂಲ’ ಎಂದರೆ ಬುಡವೇ ಇಲ್ಲದ್ದು.