‘ನೀವು ಕೊಟ್ಟಷ್ಟು’ ಅನ್ನಬೇಡಿ, ತಂಗಿ

ಕಲಬುರಗಿಯ ಆಳಂದ ನಾಕಾ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಯಸ್ಸು 39, ಓದು ಎಸ್ಸೆಸ್ಸೆಲ್ಸಿವರೆಗೆ, ಇಬ್ಬರು ಮಕ್ಕಳೂ ದೊಡ್ಡವರಾಗಿದ್ದಾರೆ. ಕೂಸು ನೋಡಿಕೊಳ್ಳುವ ಆಯಾ ಕೆಲಸ ಹುಡುಕುತ್ತ, ಏಳು ತಿಂಗಳ ಕೂಸಿರುವ ಡಾಕ್ಟರ್ ದಂಪತಿಯ ಮನೆಗೆ ಹೋಗಿದ್ದರು. ಮುಂದಿನದು ಅವರ ಮಾತಿನಲ್ಲೇ: ‘ಕೂಸು ಅತ್ರ ಏನ್ ಮಾಡ್ತಿ ಅಂದ್ರು, ಸುಮ್ಮ ಮಾಡ್ತೀನ್ರಿ ಅಂದೆ. ಪಗಾರ ಎಷ್ಟು ಅಂದ್ರು, ನೀವು ಕೊಟ್ಟಷ್ಟು ಅಂದೆ. ಫೋನ್ ಮಾಡ್ತೀವಿ ಅಂದವ್ರು ಮಾಡ್ಲಿಲ್ಲ. ಅನುಭವ ಇಲ್ಲಂತ ಬಿಟ್ರೇನ್ರಿ?’

ತಂಗೀ,

ಪತ್ರದ ಕೊನೆಯ ಪುಟದ ಅಂಚಿನಲ್ಲಿ ಜಾಗ ಸಾಲದೆ ಅಡ್ಡಡ್ಡ ಬರೆದ ಒಂದು ಸಾಲಿದೆ: ‘ನನ್ನ ತಂಗಿ ಅವಳಿ ಹಡೆದಾಗ ಎಂಟು ತಿಂಗಳು ನಾನೇ ನೋಡೀನಿ, ಒಂದಕ್ಕ ತೂಕ ಭಾಳ ಕಮ್ಮಿ ಇತ್ತು.’ ಇದನ್ನು ಆ ಮನೆಯಲ್ಲಿ ಹೇಳಿದಿರಾ? ಹೇಳಿರಲಿಕ್ಕಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಮನೆಯೊಳಗೆ ಮಾಡಿದ್ದನ್ನು ಕೆಲಸವೆಂದೇ ಎಣಿಸುವುದಿಲ್ಲ. ಪಗಾರ ಬರಲಿಲ್ಲ, ಹಾಗಾಗಿ ಅನುಭವವೂ ಅಲ್ಲ! ತೂಕ ಕಡಿಮೆಯಿದ್ದ ಕೂಸನ್ನು ಎಂಟು ತಿಂಗಳು ಸಾಕಿದವರಿಗೆ ಇಲ್ಲದ ಅನುಭವ ಇನ್ನಾರಿಗಿದೆ ಹೇಳಿ.

ಆ ಡಾಕ್ಟರ್ ತಾಯಿಯ ಜಾಗದಲ್ಲಿ ನಿಂತು ನೋಡಿ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಅದು ಮುಗಿಯುವಷ್ಟರಲ್ಲಿ ಕೂಸು ಇನ್ನೂ ಬೋರಲು ಬೀಳುತ್ತ, ಕೂರಲು ಹವಣಿಸುತ್ತ ಇರುತ್ತದೆ. ಅದನ್ನು ಬಿಟ್ಟು ಆಕೆ ಡ್ಯೂಟಿಗೆ ಹೋಗಬೇಕು. ‘ಅತ್ತರೆ ಏನು ಮಾಡ್ತಿ’ ಎಂದಾಗ ಆಕೆ ಕೇಳುತ್ತಿರುವುದು, ತಾನಿಲ್ಲದಾಗ ಮನೆಯೊಳಗೆ ಏನು ನಡೆಯುತ್ತದೆ ಎಂದು. ‘ಸುಮ್ಮ ಮಾಡ್ತೀನಿ’ ಎಂಬ ನಿಮ್ಮ ಉತ್ತರ ಆಕೆಯ ಕಿವಿಗೆ ಹೇಗೆ ಬಿದ್ದಿರಬಹುದು? ಸುಮ್ಮನಾಗಿಸಲು ಕೈಗೆ ಮೊಬೈಲು ಕೊಡುವವರಿದ್ದಾರೆ, ಬಾಯಿಗೆ ಸಕ್ಕರೆ ಹಾಕುವವರಿದ್ದಾರೆ, ಗದರಿಸುವವರೂ ಇದ್ದಾರೆ.

ನಿಮ್ಮ ತಂಗಿಯ ಮಕ್ಕಳು ಅತ್ತಾಗ ನೀವು ನಿಜವಾಗಿ ಏನು ಮಾಡುತ್ತಿದ್ದಿರೋ ಅದನ್ನೇ ಹೇಳಿ. ಮೊದಲು ಬಟ್ಟೆ ಒದ್ದೆಯಾಗಿದೆಯಾ ನೋಡುತ್ತಿದ್ದಿರಿ, ಹಾಲು ಕುಡಿದು ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕುತ್ತಿದ್ದಿರಿ, ಹೆಗಲಿಗೆ ಹಾಕಿ ತೇಗು ಬರಿಸುತ್ತಿದ್ದಿರಿ, ಮೈ ಬಿಸಿಯಿದ್ದರೆ ತಾಯಿಯನ್ನು ಕೂಗುತ್ತಿದ್ದಿರಿ. ಅದಕ್ಕೆ ಇಷ್ಟು ಸೇರಿಸಿ: ‘ಏನು ಮಾಡಿದರೂ ಅಳು ನಿಲ್ಲದಿದ್ದರೆ ನಿಮಗೆ ಫೋನ್ ಮಾಡ್ತೀನಿ, ಕೇಳದೆ ಯಾವ ಔಷಧಿಯನ್ನೂ ಹಾಕಲ್ಲ.’

ನಮ್ಮ ಮನೆಯ ಒಂದು ಪ್ರಸಂಗ. ಮೊಮ್ಮಗಳಿಗಾಗಿ ಮೂವರನ್ನು ಕರೆಸಿದ್ದೆವು. ಮೊದಲನೆಯವರು ಬಂದವರೇ ಕೂಸನ್ನು ಎತ್ತಿ ಮುದ್ದಾಡಿದರು. ಎರಡನೆಯವರು ಕೂಸಿನ ಹತ್ತಿರ ಹೋಗದೆ, ‘ಬಸ್ಸಿನಾಗ ಬಂದೀನ್ರಿ, ಸಾಬಾಣ ಎಲ್ಲದ?’ ಎಂದು ಕೇಳಿ ಕೈ ತೊಳೆದುಕೊಂಡರು, ಸೆರಗಿನ ಪಿನ್ನು ತೆಗೆದು ಚೀಲಕ್ಕೆ ಹಾಕಿಕೊಂಡರು, ಆಮೇಲೆ ಕೈಚಾಚಿದರು. ಮೂರನೆಯವರು ಮಾತಿನಲ್ಲಿ ಬಹಳ ಜಾಣೆ. ನಾವು ಪಿನ್ನು ತೆಗೆದವರನ್ನೇ ಇಟ್ಟುಕೊಂಡೆವು. ನಾಲ್ಕು ವರ್ಷ ಇದ್ದರು.

ಇನ್ನು ಡಾಕ್ಟರ ಮನೆಯೆಂದರೆ ಪ್ರಶ್ನೆ ಗಟ್ಟಿ ಇರುತ್ತವೆ. ನಮ್ಮ ಬಿಸಿಲಿನದೇ ಒಂದು ಪ್ರಶ್ನೆ: ‘ಮೇ ತಿಂಗಳಲ್ಲಿ ನಾಲ್ಕು ತಿಂಗಳ ಕೂಸಿಗೆ ನೀರು ಕುಡಿಸ್ತೀಯಾ?’ ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನಮ್ಮ ಬಾಯಿಂದ ‘ಹೂಂ’ ಎಂದೇ ಬರುತ್ತದೆ. ಉತ್ತರ ‘ಇಲ್ಲ’. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ಎಂಥ ಬಿಸಿಲಿದ್ದರೂ ಬೇಕಾದ ನೀರು ಅದರಲ್ಲೇ ಇರುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸುವಂತಿಲ್ಲ. ಬಜೆ ತೇಯ್ದು ಹಾಕುವ ನಮ್ಮ ಅಜ್ಜಿಯರ ಪದ್ಧತಿಯನ್ನು ಆ ಮನೆಯವರು ಹೇಳದೆ ನೀವಾಗಿ ಮಾಡಬೇಡಿ.

ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ? ‘ಬೆರಳು ಹಾಕಿ ತೆಗೀತೀನಿ’ ಎಂದರೆ ಅಲ್ಲಿಗೆ ಸಂದರ್ಶನ ಮುಗಿಯಿತು, ಏಕೆಂದರೆ ಕಾಣದ ವಸ್ತುವಿಗೆ ಬೆರಳು ಹಾಕಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ವರ್ಷದೊಳಗಿನ ಕೂಸು ಕೆಮ್ಮಲೂ ಅಳಲೂ ಆಗದೆ ಒದ್ದಾಡುತ್ತಿದ್ದರೆ, ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಬೆನ್ನಿನ ಮೇಲೆ ಎರಡೂ ಭುಜಗಳ ನಡುವೆ ಅಂಗೈ ಬುಡದಿಂದ ಐದು ಪೆಟ್ಟು ಕೊಡಬೇಕು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಮೇಲೆ ಐದು ಸಲ ಒತ್ತಬೇಕು, ಮತ್ತೆ ಬೆನ್ನಿಗೆ. ಜೊತೆಗೇ 108ಕ್ಕೆ ಫೋನ್ ಮಾಡಿಸಬೇಕು. ಓದಿದರೆ ಇದು ಕೈಗೆ ಬರುವುದಿಲ್ಲ. ನಿಮ್ಮ ಓಣಿಯ ನರ್ಸಮ್ಮನವರ ಹತ್ತಿರ ಒಂದು ಗೊಂಬೆ ತೆಗೆದುಕೊಂಡು ಹೋಗಿ ನಾಲ್ಕು ಸಲ ಮಾಡಿಸಿಕೊಳ್ಳಿ. ಎಷ್ಟು ಜೋರಾಗಿ ತಟ್ಟಬೇಕೆಂಬುದು ಅವರು ತೋರಿಸಿದರೇ ಗೊತ್ತಾಗುವುದು.

ಪಗಾರದ ಮಾತಿಗೆ ಬರುತ್ತೇನೆ. ‘ನೀವು ಕೊಟ್ಟಷ್ಟು’ ಎಂಬುದು ನಿಮಗೆ ಸೌಜನ್ಯ, ಕೇಳಿದವರಿಗೆ ಅನುಮಾನ. ಎರಡು ತಿಂಗಳಿಗೆ ಬಿಟ್ಟುಹೋಗುವವರು ಹಾಗೆ ಹೇಳುತ್ತಾರೆ ಎಂದುಕೊಳ್ಳುತ್ತಾರೆ. ಮನೆಗೆಲಸದವರಿಗೆ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದೆ, ದರ ಬದಲಾಗುತ್ತ ಬಂದಿದೆ. ಈಗಿನದನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ. ಅಕ್ಕಪಕ್ಕ ಇದೇ ಕೆಲಸ ಮಾಡುವ ಇಬ್ಬರನ್ನು ವಿಚಾರಿಸಿ. ಒಂದು ಅಂಕಿ ಮನಸ್ಸಿನಲ್ಲಿಟ್ಟುಕೊಂಡೇ ಹೋಗಿ.

ಆದರೆ ಅಂಕಿ ಹೇಳುವ ಮೊದಲು ನೀವು ಕೇಳಬೇಕಾದ್ದಿದೆ. ಎಷ್ಟು ತಾಸು? ನೈಟ್ ಡ್ಯೂಟಿ ಇದ್ದ ದಿನ ಉಳಿಯಬೇಕಾ, ಅದಕ್ಕೆ ಬೇರೆ ಪಗಾರವಾ? ವಾರಕ್ಕೊಂದು ಸೂಟಿ ಇದೆಯಾ? ಕೂಸಿನ ಬಟ್ಟೆ, ಬಾಟಲಿ ಸರಿ. ಮನೆಯ ಭಾಂಡಿ, ಕಸ, ರೊಟ್ಟಿಯೂ ನನ್ನ ಪಾಲಿಗಾ? ಬಹಳ ಜಗಳ ಹುಟ್ಟುವುದು ಈ ಕೊನೆಯದರಲ್ಲಿ. ‘ಕೂಸು ಮಲಗಿದಾಗ ಎರಡು ರೊಟ್ಟಿ ಬಡಿ’ ಎಂದು ಶುರುವಾಗಿ ತಿಂಗಳೊಳಗೆ ಇಡೀ ಮನೆಯ ಅಡುಗೆ ನಿಮ್ಮ ತಲೆಗೆ ಬರುತ್ತದೆ. ಕ್ಯಾಮೆರಾ ಇದೆಯಾ ಎಂದೂ ಕೇಳಿ. ಇದ್ದರೆ ತಪ್ಪಿಲ್ಲ, ಎಲ್ಲಿದೆ ಎಂದು ನಿಮಗೆ ಗೊತ್ತಿರಬೇಕು.

ಆಧಾರಿನ ಝೆರಾಕ್ಸ್ ಕೊಡಿ, ಅದರ ಮೇಲೆ ತಾರೀಖು, ಯಾವ ಕೆಲಸಕ್ಕೆಂದು ಬರೆದು ಸಹಿ ಮಾಡಿ. ಮೂಲ ಕಾರ್ಡು ಯಾರ ಕೈಗೂ ಬಿಡಬೇಡಿ. ಪೊಲೀಸ್ ವೆರಿಫಿಕೇಶನ್ ಎಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ, ಅದು ಈಗ ರೂಢಿ. ಅಸಂಘಟಿತ ಕೆಲಸಗಾರರಿಗೆ ಕೇಂದ್ರ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡು ಮಾಡಿಸಿಕೊಂಡಿಲ್ಲವಾದರೆ ಮಾಡಿಸಿಕೊಳ್ಳಿ, 16ರಿಂದ 59 ವಯಸ್ಸಿನವರಿಗೆ ನೋಂದಣಿ ಪುಕ್ಕಟೆ. ಮನೆಯ ಗಂಡಸರ ನಡತೆ ಸರಿಯಿಲ್ಲವೆನಿಸಿದರೆ ಅಂದೇ ಎದ್ದು ಬನ್ನಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ, ದೂರು ತೆಗೆದುಕೊಳ್ಳಲು ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕೆಂದು ಅದರಲ್ಲೇ ಇದೆ.

ಕೆಲಸ ಎಲ್ಲಿ ಹುಡುಕುವುದೆಂದೂ ಕೇಳಿದ್ದೀರಿ. ಹೆಸರು ಬರೆಸಲು ಮೊದಲೇ ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಯಾರ ಮನೆಯಲ್ಲಿ ಕೂಸಿಗೆ ಐದು ತಿಂಗಳಾಯಿತು, ಯಾರ ರಜೆ ಮುಗಿಯುತ್ತ ಬಂತು ಎಂಬುದು ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವರಿಗೆ, ಲಸಿಕೆ ಹಾಕುವ ಸಿಸ್ಟರಿಗೆ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಅವರಿಗೆ ನಿಮ್ಮ ನಂಬರು ಕೊಟ್ಟಿಡಿ. ನಿಮಗೆ ಉರ್ದು ಚೆನ್ನಾಗಿ ಬರುತ್ತದೆಂದು ಬರೆದಿದ್ದೀರಿ, ಈ ಊರಿನಲ್ಲಿ ಅದು ಸಣ್ಣ ಮಾತಲ್ಲ, ಅದನ್ನೂ ಹೇಳಿ.

ಮತ್ತೆ, ಆ ಡಾಕ್ಟರ ಮನೆಗೆ ಇನ್ನೊಮ್ಮೆ ನೀವೇ ಫೋನ್ ಮಾಡಿ. ‘ಅಕ್ಕಾವ್ರೇ, ಅವತ್ತು ಒಂದು ಮಾತು ಹೇಳೋದು ಮರ್ತಿದ್ದೆ, ನನ್ನ ತಂಗಿ ಅವಳಿ ಮಕ್ಕಳನ್ನ ಎಂಟು ತಿಂಗಳು ನಾನೇ ನೋಡೀನಿ. ನೀವು ಮನ್ಯಾಗಿರೋ ಮೂರು ದಿನ ಬಂದು ಕೂಸಿನ ಜೋಡಿ ಇರ್ತೀನಿ, ನೋಡಿ ಆಮೇಲೆ ಹೇಳ್ರಿ’ ಅನ್ನಿ. ಆ ಮೂರು ದಿನಕ್ಕೂ ಪಗಾರ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ.

— ಸಂಪಾದಕರು